ತಲೆಬುರುಡೆ ಮತ್ತು ಕತ್ತಿನ ಮೇಲ್ಭಾಗದ ಮೂಳೆಗಳ ಬೆಸುಗೆ ಶಸ್ತ್ರಚಿಕಿತ್ಸೆ: ಸಂಶೋಧನೆಯ ಬೆಳವಣಿಗೆಗಳು

ತಲೆಬುರುಡೆಯ ಹಿಂಭಾಗದ ಮೂಳೆಯನ್ನು ಕತ್ತಿನ ಮೇಲ್ತುದಿಯ ಕಶೇರುಕಗಳೊಡನೆ ಶಾಶ್ವತವಾಗಿ ಒಂದುಗೂಡಿಸುವ ಶಸ್ತ್ರಚಿಕಿತ್ಸೆಯನ್ನು ವೈದ್ಯಕೀಯ ಪರಿಭಾಷೆಯಲ್ಲಿ ಆಕ್ಸಿಪಿಟೋಸರ್ವಿಕಲ್ ಫ್ಯೂಷನ್ ಎಂದು ಕರೆಯಲಾಗುತ್ತದೆ. ಮೊದಲೆರಡು ಕಶೇರುಕಗಳನ್ನು ಮಾತ್ರ ಜೋಡಿಸಿ, ತಲೆಬುರುಡೆಯನ್ನು ಮುಟ್ಟದೆ ಬಿಡುವ ವಿಧಾನಕ್ಕೆ ಅಟ್ಲಾಂಟೋಆಕ್ಸಿಯಲ್ ಫ್ಯೂಷನ್ ಎಂಬ ಹೆಸರಿದೆ. ಈ ಎರಡೂ ಚಿಕಿತ್ಸೆಗಳ ಸಲುವಾಗಿ ನೆರವು ಕೋರಿ ಅರ್ಜಿ ಸಲ್ಲಿಸುವ ಕುಟುಂಬಗಳಿಗೆ ವೈದ್ಯರ ಶಿಫಾರಸು ಪತ್ರದಲ್ಲಿ ಇರುವ ಪದಗಳು ಅರ್ಥವಾಗದೆ ಹೋಗುವುದೇ ಹೆಚ್ಚು. ಏನನ್ನು ಪಡೆಯುತ್ತೇವೆ, ಅದಕ್ಕಾಗಿ ಏನನ್ನು ಬಿಟ್ಟುಕೊಡುತ್ತೇವೆ ಎಂಬುದು ತಿಳಿಯದೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಸ್ಥಿತಿ ಉಂಟಾಗಬಾರದೆಂಬ ಉದ್ದೇಶದಿಂದ, ಈ ಕ್ಷೇತ್ರದ ಸಂಶೋಧನೆ ಸಾಗಿ ಬಂದ ದಾರಿಯನ್ನೂ ಇನ್ನೂ ಇತ್ಯರ್ಥವಾಗದೆ ಉಳಿದಿರುವ ಪ್ರಶ್ನೆಗಳನ್ನೂ ಇಲ್ಲಿ ವಿವರಿಸಲಾಗಿದೆ.

ಈ ಭಾಗದ ರಚನೆ

ಕತ್ತಿನಲ್ಲಿ ಏಳು ಕಶೇರುಕಗಳಿವೆ. ಮೊದಲನೆಯದು ಅಟ್ಲಾಸ್. ಗ್ರೀಕ್ ಪುರಾಣದಲ್ಲಿ ಆಕಾಶವನ್ನು ಹೊತ್ತು ನಿಂತವನ ಹೆಸರನ್ನೇ ತಲೆಯನ್ನು ಹೊರುವ ಈ ಮೂಳೆಗೆ ಇಡಲಾಗಿದೆ. ಇದು ಉಂಗುರದ ಆಕಾರದ್ದಾಗಿದ್ದು, ಇತರ ಕಶೇರುಕಗಳಿಗಿರುವಂತೆ ಇದಕ್ಕೆ ನಡುವಣ ಗಟ್ಟಿ ದಿಮ್ಮಿ ಇರುವುದಿಲ್ಲ. ಎರಡನೆಯದು ಆಕ್ಸಿಸ್. ಇದರಿಂದ ಮೇಲಕ್ಕೆ ಚಾಚಿದ ಹಲ್ಲಿನಾಕಾರದ ಗೂಟವು ಅಟ್ಲಾಸ್‌ನ ಉಂಗುರದೊಳಗೆ ನಿಂತಿರುತ್ತದೆ. ಈ ಗೂಟಕ್ಕೆ ಒಡಾಂಟಾಯ್ಡ್ ಅಥವಾ ಡೆನ್ಸ್ ಎಂದು ಹೆಸರು. ಗೂಟವು ಹಿಂದಕ್ಕೆ ಸರಿಯದಂತೆ ಒಂದು ಅಡ್ಡ ಅಸ್ಥಿರಜ್ಜು ಅದನ್ನು ಬಿಗಿಹಿಡಿದಿರುತ್ತದೆ. ಗೂಟದ ಬೆನ್ನಿಗೇ ಬೆನ್ನುಹುರಿಯು ಹಾದುಹೋಗುತ್ತದೆ. ಸ್ವಲ್ಪ ಮೇಲೆ, ತಲೆಬುರುಡೆಯ ತಳದ ಮಹಾರಂಧ್ರದ ಆಚೆ, ಉಸಿರಾಟವನ್ನು ನಿಯಂತ್ರಿಸುವ ಮಿದುಳ ಕಾಂಡವಿದೆ.

ಹೌದೆಂದು ತಲೆಯಾಡಿಸುವ ಚಲನೆಯ ಬಹುಭಾಗ ತಲೆಬುರುಡೆ ಮತ್ತು ಅಟ್ಲಾಸ್ ನಡುವಣ ಕೀಲಿನಲ್ಲಿ ನಡೆಯುತ್ತದೆ. ಅಲ್ಲವೆಂದು ತಲೆ ತಿರುಗಿಸುವಾಗ ಕತ್ತಿನ ಒಟ್ಟು ತಿರುವಿನ ಸುಮಾರು ಅರ್ಧ ಭಾಗವು ಅಟ್ಲಾಸ್ ಮತ್ತು ಆಕ್ಸಿಸ್ ನಡುವಿನಿಂದಲೇ ಬರುತ್ತದೆ. ಬೆಸುಗೆಯ ಬೆಲೆ ಎಷ್ಟೆಂಬುದು ಇದರಿಂದಲೇ ತಿಳಿಯುತ್ತದೆ. ಈ ಕೀಲುಗಳನ್ನು ಬೆಸೆದ ನಂತರ ಆ ಚಲನೆಯು ಮರಳಿ ಬರುವುದಿಲ್ಲ. ರಸ್ತೆ ದಾಟುವಾಗ, ವಾಹನವನ್ನು ಹಿಂದಕ್ಕೆ ಚಲಾಯಿಸುವಾಗ, ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವಾಗ ಇಡೀ ದೇಹವನ್ನೇ ತಿರುಗಿಸಬೇಕಾಗುತ್ತದೆ.

ಯಾವ ಸಂದರ್ಭಗಳಲ್ಲಿ ಅಗತ್ಯವಾಗುತ್ತದೆ

ಅಪಘಾತದಲ್ಲಿ ಗೂಟ ಮುರಿದಾಗ ಅಥವಾ ಅಸ್ಥಿರಜ್ಜು ಹರಿದಾಗ, ಹುಟ್ಟಿನಿಂದಲೇ ಈ ಮೂಳೆಗಳ ರಚನೆ ದೋಷಪೂರಿತವಾಗಿದ್ದಾಗ, ರುಮಟಾಯ್ಡ್ ಸಂಧಿವಾತವು ಕೀಲುಗಳನ್ನು ಸವೆಸಿದಾಗ, ಗೆಡ್ಡೆ ಅಥವಾ ಕ್ಷಯರೋಗವು ಮೂಳೆಯನ್ನು ತಿಂದುಹಾಕಿದಾಗ ಈ ಭಾಗವು ಸಡಿಲಗೊಳ್ಳುತ್ತದೆ. ಗೂಟವು ಮಹಾರಂಧ್ರದ ಮೂಲಕ ಮೇಲಕ್ಕೆ ನುಗ್ಗಿ ಮಿದುಳ ಕಾಂಡವನ್ನು ಒತ್ತುವ ಸ್ಥಿತಿಗೆ ಬೇಸಿಲಾರ್ ಇನ್ವ್ಯಾಜಿನೇಷನ್ ಎನ್ನುತ್ತಾರೆ. ಕೈಕಾಲುಗಳ ಜೋಮು, ಅಂಗಿಯ ಗುಂಡಿ ಹಾಕಲೂ ಆಗದ ಬೆರಳುಗಳ ಅಸಹಾಯಕತೆ, ನಡಿಗೆಯಲ್ಲಿ ಓಲಾಟ, ನುಂಗುವಾಗ ಕೆಮ್ಮು, ಮೂತ್ರದ ಮೇಲೆ ಹಿಡಿತ ತಪ್ಪುವುದು ಇದರ ಲಕ್ಷಣಗಳಾಗಿರಬಹುದು. ಬರಿಯ ಕತ್ತುನೋವು ಎಂದು ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಕಳೆದವರೂ ಉಂಟು.

ಕ್ಷೌರದಂಗಡಿಗಳಲ್ಲಿ ತಲೆ ನೀವಿದ ಬಳಿಕ ಕುತ್ತಿಗೆಯನ್ನು ಥಟ್ಟನೆ ತಿರುವಿ ನೆಟಿಗೆ ತೆಗೆಯುವ ರೂಢಿಯಿದೆ. ಮೇಲ್ಕಂಡ ಲಕ್ಷಣಗಳಿರುವವರು ಯಾರ ಕೈಯಿಂದಲೂ ಹೀಗೆ ಮಾಡಿಸಿಕೊಳ್ಳತಕ್ಕದ್ದಲ್ಲ.

ಕ್ಷಯರೋಗದ ಪ್ರಕರಣಗಳಲ್ಲಿ ಔಷಧಿಯೇ ಮೂಲ ಚಿಕಿತ್ಸೆ. ಮೂಳೆ ಸರಿದು ನರಗಳ ಮೇಲೆ ಒತ್ತಡ ಬಿದ್ದಿದ್ದರೆ ಅಥವಾ ಕೀಲು ತೀರ ಸಡಿಲವಾಗಿದ್ದರೆ ಮಾತ್ರ ಬೆಸುಗೆಯ ವಿಚಾರ ಬರುತ್ತದೆ. ಸಂಧಿವಾತದಲ್ಲಿ ಬದಲಾವಣೆ ಇನ್ನೂ ಸ್ಪಷ್ಟವಾಗಿದೆ. ಮೆಥೊಟ್ರೆಕ್ಸೇಟ್ ಮತ್ತು ನಂತರ ಬಂದ ಜೈವಿಕ ಔಷಧಿಗಳಿಂದ ರೋಗವನ್ನು ಆರಂಭದಲ್ಲೇ ಹತೋಟಿಗೆ ತರಲು ಸಾಧ್ಯವಾದ ಮೇಲೆ, ಒಂದು ಕಾಲದಲ್ಲಿ ಈ ಶಸ್ತ್ರಚಿಕಿತ್ಸೆಗೆ ಮುಖ್ಯ ಕಾರಣವಾಗಿದ್ದ ಸಂಧಿವಾತವು ಹಲವು ದೇಶಗಳಲ್ಲಿ ಹಿಂದೆ ಸರಿದಿದೆ. ಶಸ್ತ್ರಚಿಕಿತ್ಸೆಯ ಕ್ಷೇತ್ರದಲ್ಲಿನ ಅತಿ ದೊಡ್ಡ ಪ್ರಗತಿಯೊಂದು ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ನಡೆದಿರುವುದು ಗಮನಾರ್ಹ.

ರೇಷ್ಮೆ ದಾರದಿಂದ ತಿರುಪುಮೊಳೆಯವರೆಗೆ

1910ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಆಸ್‌ಗುಡ್ ಎಂಬ ವೈದ್ಯರು ಸಡಿಲಗೊಂಡ ಅಟ್ಲಾಸ್ ಅನ್ನು ಆಕ್ಸಿಸ್‌ಗೆ ರೇಷ್ಮೆ ದಾರದಿಂದ ಕಟ್ಟಿದ್ದನ್ನು ವರದಿ ಮಾಡಿದರು. 1927ರಲ್ಲಿ ಜರ್ಮನಿಯ ಫರ್ಸ್ಟರ್ ಅವರು ಕಾಲಿನ ಕಿರುಮೂಳೆಯ ತುಂಡನ್ನು ಆಧಾರವಾಗಿ ಬಳಸಿ ತಲೆಬುರುಡೆಯನ್ನು ಕತ್ತಿನೊಡನೆ ಬೆಸೆದರು. ಈ ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸಲಾಗುತ್ತದೆ. 1939ರಲ್ಲಿ ಕೆನಡಾದ ಗ್ಯಾಲಿ ಅವರ ತಂತಿ ಕಟ್ಟುವ ವಿಧಾನವೂ, 1978ರಲ್ಲಿ ಬ್ರೂಕ್ಸ್ ಮತ್ತು ಜೆಂಕಿನ್ಸ್ ಅವರ ಸುಧಾರಿತ ವಿಧಾನವೂ ಪ್ರಕಟವಾದವು.

ಆ ದಿನಗಳ ರೋಗಿಗಳ ಪಾಡು ಈಗ ಊಹೆಗೂ ಕಷ್ಟ. ತಂತಿಯು ಮೂಳೆಗಳನ್ನು ಹತ್ತಿರ ತರುತ್ತಿತ್ತೇ ಹೊರತು ಅಲುಗಾಡದಂತೆ ತಡೆಯುತ್ತಿರಲಿಲ್ಲ. ಆದ್ದರಿಂದ ಮೂಳೆ ಕೂಡುವವರೆಗೆ ತಿಂಗಳುಗಟ್ಟಲೆ ಹಾಸಿಗೆಯಲ್ಲಿ, ಇಲ್ಲವೇ ತಲೆಯಿಂದ ಸೊಂಟದವರೆಗಿನ ಪ್ಲಾಸ್ಟರಿನಲ್ಲಿ ಇರಬೇಕಾಗುತ್ತಿತ್ತು. ಪೋಲಿಯೋದಿಂದ ಕತ್ತಿನ ಸ್ನಾಯುಗಳು ನಿಷ್ಕ್ರಿಯವಾಗಿದ್ದವರಿಗಾಗಿ ಪೆರ್ರಿ ಮತ್ತು ನಿಕೆಲ್ ಎಂಬ ಅಮೆರಿಕದ ತಜ್ಞರು 1959ರಲ್ಲಿ ತಲೆಬುರುಡೆಗೆ ಮೊಳೆಗಳಿಂದ ಬಿಗಿಯುವ ಉಂಗುರವನ್ನು ವರದಿ ಮಾಡಿದರು. ಹ್ಯಾಲೋ ಎಂಬ ಈ ಸಾಧನವು ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿತು. ಇಂದೂ ಕೆಲವು ಪ್ರಕರಣಗಳಲ್ಲಿ, ಅದರಲ್ಲೂ ಚಿಕ್ಕ ಮಕ್ಕಳಲ್ಲಿ, ಇದು ಬಳಕೆಯಲ್ಲಿದೆ.

1986ರಲ್ಲಿ ಇಂಗ್ಲೆಂಡಿನ ರಾನ್ಸ್‌ಫರ್ಡ್, ಕ್ರಾಕರ್ಡ್ ಮತ್ತು ಸಂಗಡಿಗರು ತಲೆಬುರುಡೆಯ ಆಕಾರಕ್ಕೆ ಬಾಗಿಸಿದ ಲೋಹದ ಕುಣಿಕೆಯನ್ನು ತಂತಿಗಳಿಂದ ಬಿಗಿಯುವ ವಿಧಾನವನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಮ್ಯಾಗರ್ಲ್ ಅವರು ಆಕ್ಸಿಸ್‌ನಿಂದ ಅಟ್ಲಾಸ್‌ನೊಳಕ್ಕೆ ಕೀಲನ್ನೇ ಹಾಯ್ದು ಹೋಗುವ ಉದ್ದ ತಿರುಪುಮೊಳೆಯನ್ನು ರೂಢಿಗೆ ತಂದರು. ಇದು ಬಹಳ ಗಟ್ಟಿಯಾದ ಜೋಡಣೆ. ಆದರೆ ಮೊಳೆಯ ದಾರಿಯ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿ ಇರುತ್ತದೆ, ಮತ್ತು ಅದು ಎಲ್ಲರಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ.

ಭಾರತದಲ್ಲಿ ನಡೆದ ಕೆಲಸ

ಈ ತೊಡಕಿಗೆ ಮುಂಬಯಿಯಿಂದ ಒಂದು ಉತ್ತರ ಬಂತು. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ನರಶಸ್ತ್ರಚಿಕಿತ್ಸಕ ಡಾ. ಅತುಲ್ ಗೋಯೆಲ್ ಅವರು ಡಾ. ವಿ. ಲಹೇರಿ ಅವರೊಡನೆ 1994ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಟ್ಲಾಸ್‌ನ ಪಕ್ಕದ ದಿಮ್ಮಿಗೆ ಒಂದು, ಆಕ್ಸಿಸ್‌ಗೆ ಒಂದು ಎಂದು ಬೇರೆ ಬೇರೆ ತಿರುಪುಮೊಳೆಗಳನ್ನು ಹಾಕಿ, ಲೋಹದ ಫಲಕದಿಂದ ಜೋಡಿಸಲಾಗುತ್ತದೆ. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಮತ್ತು ಮೆಲ್ಕರ್ ಅವರು ಫಲಕದ ಬದಲಿಗೆ ಸರಳನ್ನೂ, ಯಾವ ಕೋನಕ್ಕೂ ತಿರುಗುವ ತಲೆಯುಳ್ಳ ಮೊಳೆಯನ್ನೂ ಬಳಸಿದರು. ಬಹುಕಾಲ ಹಾರ್ಮ್ಸ್ ವಿಧಾನವೆಂದೇ ಕರೆಯಲಾಗುತ್ತಿದ್ದ ಇದನ್ನು ಇತ್ತೀಚಿನ ಪ್ರಬಂಧಗಳಲ್ಲಿ ಗೋಯೆಲ್–ಹಾರ್ಮ್ಸ್ ವಿಧಾನವೆಂದು ಬರೆಯುವುದು ಹೆಚ್ಚಾಗಿದೆ. ಆಸ್ಪತ್ರೆಯ ದಾಖಲೆಯಲ್ಲಿ ಈ ಹೆಸರು ಕಂಡುಬಂದರೆ ಅದು ಇದೇ.

2002ರಲ್ಲಿ ಗೋಯೆಲ್ ಮತ್ತು ಸಂಗಡಿಗರು 160 ರೋಗಿಗಳ ಅನುಭವವನ್ನು ಪ್ರಕಟಿಸಿದರು. 2004ರಲ್ಲಿ ಬೇಸಿಲಾರ್ ಇನ್ವ್ಯಾಜಿನೇಷನ್ ರೋಗಿಗಳಲ್ಲಿ ಕೀಲುಗಳನ್ನು ಬಿಡಿಸಿ, ನಡುವೆ ಬಿಲ್ಲೆಯನ್ನಿಟ್ಟು, ಮೇಲಕ್ಕೆ ನುಗ್ಗಿದ ಗೂಟವನ್ನು ಕೆಳಕ್ಕೆ ತರುವ ವಿಧಾನವನ್ನು ವಿವರಿಸಿದರು. ಇದರ ಮಹತ್ವವನ್ನು ಅರಿಯಲು ಹಿಂದಿನ ಚಿಕಿತ್ಸೆಯನ್ನು ನೆನೆಯಬೇಕು. ಆಗ ಬಾಯಿಯ ಮೂಲಕ, ಗಂಟಲಿನ ಹಿಂಗೋಡೆಯನ್ನು ಸೀಳಿ ಗೂಟವನ್ನು ಕೊರೆದು ತೆಗೆಯಲಾಗುತ್ತಿತ್ತು. ನಂತರ ರೋಗಿಯನ್ನು ಬೋರಲು ಮಲಗಿಸಿ ಹಿಂದಿನಿಂದ ಬೆಸುಗೆ ಹಾಕಲಾಗುತ್ತಿತ್ತು. ಈಗ ಅನೇಕ ರೋಗಿಗಳಿಗೆ ಹಿಂದಿನಿಂದ ಮಾಡುವ ಒಂದೇ ಶಸ್ತ್ರಚಿಕಿತ್ಸೆ ಸಾಕಾಗುತ್ತಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಡಾ. ಪಿ. ಶರತ್ ಚಂದ್ರ ಅವರ ತಂಡವೂ 2013ರಿಂದ ಇದೇ ದಿಕ್ಕಿನಲ್ಲಿ, ಕೀಲನ್ನು ಎತ್ತಿ ನಂತರ ಹಿಂದಕ್ಕೆ ಬಾಗಿಸಿ ಸರಿಪಡಿಸುವ ವಿಧಾನವನ್ನು ಪ್ರಕಟಿಸುತ್ತ ಬಂದಿದೆ. ಮುಂಭಾಗದಿಂದಲೇ ಗೂಟವನ್ನು ತೆಗೆಯಬೇಕಾದ ಉಳಿದ ಪ್ರಕರಣಗಳಿಗೆ ಮೂಗಿನ ಮೂಲಕ ದೂರದರ್ಶಕ ನಳಿಕೆಯನ್ನು ತೂರಿಸುವ ಮಾರ್ಗವಿದ್ದು, ಅಮೆರಿಕದ ಕಸ್ಸಾಮ್ ಮತ್ತು ಸಂಗಡಿಗರು 2005ರಲ್ಲಿ ಅದನ್ನು ವರದಿ ಮಾಡಿದ್ದಾರೆ.

ಎಲ್ಲವೂ ಒಪ್ಪಿತವಾಗಿದೆ ಎಂದಲ್ಲ. ಕಿರುಮಿದುಳಿನ ಕೆಳಭಾಗವು ಮಹಾರಂಧ್ರದಿಂದ ಕೆಳಕ್ಕೆ ಇಳಿದಿರುವ ಕಿಯಾರಿ ದೋಷಕ್ಕೂ ಅಟ್ಲಾಸ್–ಆಕ್ಸಿಸ್ ಕೀಲಿನ ಸಡಿಲತೆಯೇ ಕಾರಣವಿರಬಹುದೆಂದು ವಾದಿಸಿ, ಬೆಸುಗೆಯಿಂದಲೇ ಚಿಕಿತ್ಸೆ ಮಾಡಿದ 65 ರೋಗಿಗಳ ಫಲಿತಾಂಶವನ್ನು ಗೋಯೆಲ್ ಅವರು 2015ರಲ್ಲಿ ಪ್ರಕಟಿಸಿದರು. ಮಹಾರಂಧ್ರವನ್ನು ಅಗಲಿಸಿ ಒತ್ತಡ ಇಳಿಸುವುದೇ ಈ ದೋಷಕ್ಕೆ ರೂಢಿಯಲ್ಲಿರುವ ಚಿಕಿತ್ಸೆ. ಸಡಿಲತೆಯ ಗುರುತೇ ಇಲ್ಲದ ರೋಗಿಯ ಕತ್ತಿನ ತಿರುವನ್ನು ಕಳೆಯುವುದು ಸರಿಯೇ ಎಂದು ಅನೇಕ ತಜ್ಞರು ಆಕ್ಷೇಪಿಸಿದ್ದಾರೆ. ಈ ಚರ್ಚೆ ಮುಗಿದಿಲ್ಲ. ಕಿಯಾರಿ ದೋಷಕ್ಕೆ ಬೆಸುಗೆಯನ್ನು ಸೂಚಿಸಲಾಗಿದ್ದಲ್ಲಿ, ಕೀಲು ಸಡಿಲವಾಗಿದೆ ಎನ್ನಲು ಆಧಾರವೇನು ಎಂದು ಕೇಳಲು ರೋಗಿಗೆ ಹಕ್ಕಿದೆ, ಕೇಳುವುದು ಅವಿನಯವಲ್ಲ.

ತಲೆಯನ್ನು ಯಾವ ಕೋನದಲ್ಲಿ ನಿಲ್ಲಿಸಬೇಕು

ಇದು ಕೇಳಲು ಸಣ್ಣ ಪ್ರಶ್ನೆ. ಆದರೆ ತಲೆಬುರುಡೆಯನ್ನೂ ಸೇರಿಸಿ ಬೆಸೆದಾಗ ರೋಗಿಯ ಮುಂದಿನ ಬದುಕು ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುತ್ತದೆ. ತಲೆ ತುಸು ಮೇಲಕ್ಕೆ ನಿಂತರೆ ಮೆಟ್ಟಿಲು ಇಳಿಯುವಾಗ ಪಾದ ಕಾಣುವುದಿಲ್ಲ, ತಟ್ಟೆಯ ಊಟ ಕಾಣುವುದಿಲ್ಲ. ಕೆಳಕ್ಕೆ ನಿಂತರೆ ಎದುರಿನವರ ಮುಖ ನೋಡಲು ಬೆನ್ನನ್ನೇ ಹಿಂದಕ್ಕೆ ಬಾಗಿಸಬೇಕಾಗುತ್ತದೆ.

ಇಷ್ಟು ಮಾತ್ರವಾಗಿದ್ದರೆ ಇದನ್ನು ಅನನುಕೂಲವೆನ್ನಬಹುದಿತ್ತು. 2007ರಲ್ಲಿ ಜಪಾನಿನ ಯೊಶಿದಾ ಮತ್ತು ಸಂಗಡಿಗರು, ತಲೆಯನ್ನು ಬಾಗಿಸಿದ ಸ್ಥಿತಿಯಲ್ಲಿ ಬೆಸೆದ ನಂತರ ಮೇಲಿನ ಶ್ವಾಸಮಾರ್ಗ ಮುಚ್ಚಿಹೋದ ಪ್ರಕರಣವನ್ನು ವರದಿ ಮಾಡಿದರು. ತಲೆ ಮುಂದಕ್ಕೆ ಬಾಗಿದಾಗ ಕೆಳದವಡೆ ಮತ್ತು ನಾಲಿಗೆಯ ಬುಡ ಹಿಂದಕ್ಕೆ ಸರಿದು ಗಂಟಲಿನ ಜಾಗ ಕಿರಿದಾಗುತ್ತದೆ. ಆರೋಗ್ಯವಂತರು ಕೂಡಲೇ ತಲೆ ಎತ್ತಿ ಸರಿಪಡಿಸಿಕೊಳ್ಳುತ್ತಾರೆ; ಬೆಸುಗೆಯಾದವರಿಗೆ ಅದು ಸಾಧ್ಯವಿಲ್ಲ. 2009ರಲ್ಲಿ ಮಿಯಾತಾ ಮತ್ತು ಸಂಗಡಿಗರು ತಲೆಬುರುಡೆಗೂ ಆಕ್ಸಿಸ್‌ಗೂ ನಡುವಿನ ಕೋನವು ಶಸ್ತ್ರಚಿಕಿತ್ಸೆಗೆ ಮುಂಚಿಗಿಂತ ಕಡಿಮೆಯಾದರೆ ಉಸಿರಾಟ ಮತ್ತು ನುಂಗುವಿಕೆಯ ತೊಂದರೆಯನ್ನು ಮುಂಗಾಣಬಹುದೆಂದು ತೋರಿಸಿದರು. ಪಕ್ಕದಿಂದ ತೆಗೆದ ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಎರಡು ಗೆರೆ ಎಳೆದು ಈ ಕೋನವನ್ನು ಅಳೆಯಬಹುದು. ದುಬಾರಿ ಯಂತ್ರದ ಅಗತ್ಯವಿಲ್ಲದ, ಸರಳುಗಳನ್ನು ಅಂತಿಮವಾಗಿ ಬಿಗಿಯುವ ಮುನ್ನ ಕೊಠಡಿಯಲ್ಲೇ ಪರಿಶೀಲಿಸಬಹುದಾದ ಈ ಅಳತೆಯು ಕಳೆದ ಎರಡು ದಶಕಗಳ ಸಂಶೋಧನೆಯ ಅತ್ಯಂತ ಉಪಯುಕ್ತ ಫಲಗಳಲ್ಲಿ ಒಂದು.

ಇದೇ ಕಾರಣದಿಂದ, ಸಾಧ್ಯವಿರುವಲ್ಲೆಲ್ಲ ತಲೆಬುರುಡೆಯನ್ನು ಬೆಸುಗೆಯಿಂದ ಹೊರಗಿಟ್ಟು ಅಟ್ಲಾಸ್ ಮತ್ತು ಆಕ್ಸಿಸ್ ಮಾತ್ರ ಜೋಡಿಸುವ ಒಲವು ಹೆಚ್ಚಿದೆ. ತಿರುವು ಹೋದರೂ ತಲೆಯನ್ನು ಮೇಲೆ ಕೆಳಗೆ ಆಡಿಸುವ ಚಲನೆ ಉಳಿಯುತ್ತದೆ.

ಮೂಳೆಯ ಕಸಿ

ಮೊಳೆ ಮತ್ತು ಸರಳುಗಳು ತಾತ್ಕಾಲಿಕ ಆಸರೆ ಮಾತ್ರ. ಮೂಳೆಯು ಮೂಳೆಯೊಡನೆ ಕೂಡದಿದ್ದರೆ ಲೋಹವು ಕ್ರಮೇಣ ಸಡಿಲಗೊಳ್ಳುತ್ತದೆ ಅಥವಾ ಮುರಿಯುತ್ತದೆ. ಸೊಂಟದ ಮೂಳೆ ಅಥವಾ ಪಕ್ಕೆಲುಬಿನಿಂದ ರೋಗಿಯದೇ ಚೂರನ್ನು ತೆಗೆದು ಇಡುವುದು ಹಳೆಯ ಮತ್ತು ಇಂದಿಗೂ ವಿಶ್ವಾಸಾರ್ಹ ಕ್ರಮ. ಮೂಳೆ ಬೆಳೆಸುವ ಕೃತಕ ಪ್ರೋಟೀನ್ ಬಳಸಿದರೆ ಈ ಎರಡನೆಯ ಗಾಯವನ್ನು ತಪ್ಪಿಸಬಹುದೆಂಬ ಆಸೆ ಹುಟ್ಟಿತ್ತು. 2008ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಕತ್ತಿನ ಬೆಸುಗೆಯಲ್ಲಿ ಇದನ್ನು ಬಳಸಿದಾಗ ಗಂಟಲು ಊದಿಕೊಂಡು ಜೀವಕ್ಕೆ ಅಪಾಯವಾದ ವರದಿಗಳಿವೆ ಎಂದು ಎಚ್ಚರಿಕೆ ನೀಡಿತು. ಆ ಬಳಿಕ ಉತ್ಸಾಹ ತಗ್ಗಿದೆ.

ನಕ್ಷೆ, ಮಾರ್ಗದರ್ಶಿ ಯಂತ್ರ ಮತ್ತು ರೋಬೋ

ರಕ್ತನಾಳಗಳನ್ನೂ ತೋರಿಸುವ ಸಿ.ಟಿ. ಚಿತ್ರಣದಿಂದ ಅಪಧಮನಿಯ ದಾರಿಯನ್ನು ಮುಂಚಿತವಾಗಿ ತಿಳಿಯುವುದು ಈಗ ಸಾಮಾನ್ಯವಾಗಿದೆ. ದಾರಿ ಇಕ್ಕಟ್ಟಾಗಿದ್ದರೆ ಮೊಳೆಯನ್ನು ಆಕ್ಸಿಸ್‌ನ ಹಿಂಬದಿಯ ಹಲಗೆಯೊಳಗೆ ಅಡ್ಡಲಾಗಿ ಹಾಕುವ ವಿಧಾನವನ್ನು ರೈಟ್ ಅವರು 2004ರಲ್ಲಿ ನೀಡಿದ್ದಾರೆ. ರೋಗಿಯ ಮೂಳೆಯ ತದ್ರೂಪವನ್ನು ಮೂರು ಆಯಾಮದ ಮುದ್ರಕದಲ್ಲಿ ತಯಾರಿಸಿ ಅಭ್ಯಾಸ ಮಾಡುವುದು, ಶಸ್ತ್ರಚಿಕಿತ್ಸೆಯ ನಡುವೆಯೇ ಚಿತ್ರ ತೆಗೆದು ಗಣಕಯಂತ್ರದ ಮಾರ್ಗದರ್ಶನ ಪಡೆಯುವುದು ದೊಡ್ಡ ಕೇಂದ್ರಗಳಲ್ಲಿ ಜಾರಿಯಲ್ಲಿದೆ. 2016ರಲ್ಲಿ ಚೀನಾದ ತಿಯಾನ್ ಅವರು ರೋಬೋ ನೆರವಿನಿಂದ ಈ ಭಾಗಕ್ಕೆ ಮೊಳೆ ಹಾಕಿದ ಪ್ರಕರಣವನ್ನು ವರದಿ ಮಾಡಿದರು. ಇಂತಹ ಯಂತ್ರಗಳು ಮೊಳೆಯ ನಿಖರತೆಯನ್ನು ಹೆಚ್ಚಿಸುತ್ತವೆ. ಯಾರಿಗೆ ಶಸ್ತ್ರಚಿಕಿತ್ಸೆ ಬೇಕು, ಯಾರಿಗೆ ಬೇಡ ಎಂಬುದನ್ನು ಅವು ನಿರ್ಧರಿಸಲಾರವು. ಜಾಹೀರಾತಿನಲ್ಲಿ ಯಂತ್ರದ ಹೆಸರು ಕಂಡ ಮಾತ್ರಕ್ಕೆ ಆಸ್ಪತ್ರೆಯನ್ನು ಆಯ್ಕೆ ಮಾಡುವುದು ಯುಕ್ತವಲ್ಲ. ಇಂತಹ ಶಸ್ತ್ರಚಿಕಿತ್ಸೆಗಳು ಅಲ್ಲಿ ವರ್ಷಕ್ಕೆ ಎಷ್ಟು ನಡೆಯುತ್ತವೆ ಎಂಬುದು ಅದಕ್ಕಿಂತ ಮುಖ್ಯವಾದ ವಿಚಾರ.

ಮಕ್ಕಳ ವಿಷಯ

ಮಕ್ಕಳ ಮೂಳೆ ತೆಳು, ಬೆಳವಣಿಗೆ ಬಾಕಿ ಇರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಅಸ್ಥಿರಜ್ಜುಗಳು ಸಡಿಲವಾಗಿರುವ ಸಾಧ್ಯತೆ ಇದೆ. ಹಿಂದೆ ಅಂತಹ ಎಲ್ಲ ಮಕ್ಕಳಿಗೂ ಕ್ಷ-ಕಿರಣ ಪರೀಕ್ಷೆ ಮಾಡಿಸಬೇಕೆಂಬ ಅಭಿಪ್ರಾಯವಿತ್ತು. ಲಕ್ಷಣಗಳಿಲ್ಲದ ಮಗುವಿನಲ್ಲಿ ಆ ಚಿತ್ರವು ಮುಂದಿನ ಅಪಾಯವನ್ನು ಸರಿಯಾಗಿ ತಿಳಿಸುವುದಿಲ್ಲವೆಂದು ಕಂಡುಬಂದುದರಿಂದ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2011ರ ಮಾರ್ಗಸೂಚಿಯು ವಾಡಿಕೆಯ ಚಿತ್ರಣದ ಬದಲು ಪೋಷಕರಿಗೆ ಲಕ್ಷಣಗಳ ತಿಳಿವಳಿಕೆ ನೀಡುವುದಕ್ಕೆ ಒತ್ತು ಕೊಟ್ಟಿತು. ಓಡಾಡುತ್ತಿದ್ದ ಮಗು ಎತ್ತಿಕೊಳ್ಳುವಂತೆ ಹಟ ಹಿಡಿಯುವುದು, ಕತ್ತು ಒಂದೇ ಕಡೆ ವಾಲುವುದು, ಕಲಿತಿದ್ದ ಶೌಚದ ಹಿಡಿತ ತಪ್ಪುವುದು ಮುಂತಾದವನ್ನು ಹಟಮಾರಿತನವೆಂದು ಗದರಿಸದೆ ವೈದ್ಯರಿಗೆ ತಿಳಿಸತಕ್ಕದ್ದು.

ಅತಿ ಸಡಿಲ ಕೀಲುಗಳುಳ್ಳವರು ಮತ್ತು ತೀರ್ಮಾನವಾಗದ ಪ್ರಶ್ನೆ

ಏಲರ್ಸ್–ಡಾನ್ಲೋಸ್ ಎಂಬ ಆನುವಂಶಿಕ ಸ್ಥಿತಿಯಲ್ಲಿ ದೇಹದ ಬಂಧಕ ಅಂಗಾಂಶವೇ ದುರ್ಬಲವಾಗಿರುತ್ತದೆ. ಇಂತಹವರಲ್ಲಿ ಕೆಲವರಿಗೆ ತೀವ್ರ ತಲೆನೋವು, ತಲೆಸುತ್ತು, ಬಳಲಿಕೆ ಇದ್ದು, ಅದಕ್ಕೆ ಕತ್ತಿನ ಮೇಲ್ತುದಿಯ ಸಡಿಲತೆಯೇ ಕಾರಣವೆಂಬ ವಿವರಣೆ ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ವ್ಯಾಪಕವಾಗಿ ಹರಡಿದೆ. 2019ರಲ್ಲಿ ಹೆಂಡರ್ಸನ್ ಮತ್ತು ಸಂಗಡಿಗರು ಬೆಸುಗೆಯಾದ ಐದು ವರ್ಷಗಳ ನಂತರದ ಸುಧಾರಣೆಯನ್ನು ವರದಿ ಮಾಡಿದರು. ಆದರೆ ಅಲ್ಲಿದ್ದ ರೋಗಿಗಳ ಸಂಖ್ಯೆ ಚಿಕ್ಕದು, ಹೋಲಿಕೆಗೆ ಶಸ್ತ್ರಚಿಕಿತ್ಸೆ ಪಡೆಯದವರ ಗುಂಪು ಇರಲಿಲ್ಲ. ಬುರುಡೆಯ ತಳಕ್ಕೂ ಆಕ್ಸಿಸ್‌ಗೂ ನಡುವಣ ಕೋನವು 135 ಡಿಗ್ರಿಗಿಂತ ಕಡಿಮೆಯಿದ್ದರೆ ಅಸಹಜವೆಂದು ಕೆಲವರು ಹೇಳುತ್ತಾರೆ; ಯಾವ ಅಳತೆ, ಯಾವ ಭಂಗಿಯಲ್ಲಿ, ಎಷ್ಟಿದ್ದರೆ ಶಸ್ತ್ರಚಿಕಿತ್ಸೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಮಾನದಂಡ ಇನ್ನೂ ರೂಪುಗೊಂಡಿಲ್ಲ.

ನೊಂದವರ ನೋವು ಸುಳ್ಳೆಂದು ಇದರ ಅರ್ಥವಲ್ಲ. ವಿದೇಶಗಳಲ್ಲಿ ಸಾರ್ವಜನಿಕರಿಂದ ವಂತಿಗೆ ಎತ್ತಿ ಈ ಶಸ್ತ್ರಚಿಕಿತ್ಸೆಗೆ ಹೋದವರಿದ್ದಾರೆ. ಮನೆಯನ್ನೋ ಹೊಲವನ್ನೋ ಒತ್ತೆಯಿಡುವ ಮುನ್ನ ಬೇರೊಂದು ಸಂಸ್ಥೆಯ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯುವುದು ಅವಶ್ಯ. ಒಂದೆಡೆ ಬೆಸೆದರೆ ಅದರ ಕೆಳಗಿನ ಸಡಿಲ ಕೀಲುಗಳ ಮೇಲೆ ಭಾರ ಹೆಚ್ಚುತ್ತದೆ ಎಂಬುದನ್ನೂ ಇಂತಹ ರೋಗಿಗಳು ಕೇಳಿ ತಿಳಿಯಬೇಕು.

ವರದಿಗಳ ಅಂಕಿಗಳನ್ನು ಓದುವಾಗ

ಈ ಕ್ಷೇತ್ರದ ಪ್ರಬಂಧಗಳಲ್ಲಿ ಬಹುಪಾಲು ಒಂದೇ ಆಸ್ಪತ್ರೆಯ, ಹಿಂದಿನ ದಾಖಲೆಗಳಿಂದ ಸಂಗ್ರಹಿಸಿದ ಅನುಭವಗಳು. ರೋಗ ವಿರಳವಾದುದರಿಂದ ಎರಡು ಗುಂಪು ಮಾಡಿ ಹೋಲಿಸುವ ಪ್ರಯೋಗ ನಡೆಸುವುದು ಕಷ್ಟ. ಇಂದಿನ ತಿರುಪುಮೊಳೆ ವಿಧಾನಗಳಲ್ಲಿ ಮೂಳೆ ಕೂಡಿದ ಪ್ರಮಾಣ ಶೇ. 90ಕ್ಕೂ ಮೇಲೆಂದು ಹೆಚ್ಚಿನ ವರದಿಗಳು ಹೇಳುತ್ತವೆ. ಆದರೆ ಕೂಡಿದ ಮೂಳೆ ಮತ್ತು ಗುಣವಾದ ರೋಗಿ ಎರಡೂ ಒಂದೇ ಲೆಕ್ಕದ ಬಾಬುಗಳಲ್ಲ. ಬೆನ್ನುಹುರಿಗೆ ಬಹುಕಾಲದಿಂದ ಆದ ಹಾನಿಯನ್ನು ಬೆಸುಗೆಯು ಮುಂದುವರಿಯದಂತೆ ತಡೆಯಬಹುದು, ಪೂರ್ಣವಾಗಿ ಅಳಿಸಲಾರದು. ತಪಾಸಣೆಗೆ ಮರಳಿ ಬಾರದ ರೋಗಿಗಳನ್ನು ಲೆಕ್ಕದಿಂದ ಬಿಟ್ಟ ವರದಿಗಳಲ್ಲಿ ಶೇಕಡಾವಾರು ಸಹಜವಾಗಿಯೇ ಚೆನ್ನಾಗಿ ಕಾಣುತ್ತದೆ.

ಅರ್ಜಿದಾರರ ಗಮನಕ್ಕೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಜಾರಿಗೆ ಬಂದಾಗ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯನ್ನೂ, ಇತರ ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇ. 30ರಷ್ಟನ್ನು ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿಯೂ ನಿಗದಿಪಡಿಸಲಾಯಿತು. ತುರ್ತು ಸಂದರ್ಭಗಳನ್ನು ಹೊರತುಪಡಿಸಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಬೇಕಾದ ಚಿಕಿತ್ಸೆ ಪಟ್ಟಿಯಲ್ಲಿ ಯಾವ ಹೆಸರಿನಲ್ಲಿದೆ, ಲೋಹದ ಸಾಧನಗಳ ಬೆಲೆ ಅದರಲ್ಲಿ ಅಡಕವಾಗಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯಲ್ಲಿನ ಆರೋಗ್ಯಮಿತ್ರರಿಂದ ಲಿಖಿತವಾಗಿ ಪಡೆಯುವುದು ಒಳಿತು. ಕ್ಷಯರೋಗದಿಂದ ತೊಂದರೆಗೊಳಗಾದವರಿಗೆ ಔಷಧಿ ಉಚಿತವಾಗಿದ್ದು, ಪೌಷ್ಟಿಕ ಆಹಾರಕ್ಕಾಗಿ ನಿಕ್ಷಯ್ ಪೋಷಣ್ ಯೋಜನೆಯಡಿ ನೀಡುತ್ತಿದ್ದ ಮಾಸಿಕ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಹೆಚ್ಚಿಸಲಾಗಿದೆ.

ಶಸ್ತ್ರಚಿಕಿತ್ಸೆಯ ನಂತರವೂ ಕೈಕಾಲುಗಳ ದೌರ್ಬಲ್ಯ ಉಳಿದವರು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದನ್ವಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಶಸ್ತ್ರಚಿಕಿತ್ಸೆ ಆಗಿದೆ ಎಂಬುದಷ್ಟೇ ಆಧಾರವಾಗುವುದಿಲ್ಲ. ಉಳಿದಿರುವ ನ್ಯೂನತೆಯನ್ನು ಅಳೆದು ಶೇಕಡಾವಾರು ನಿರ್ಧರಿಸಲಾಗುತ್ತದೆ, ಮತ್ತು ಹಲವು ಸೌಲಭ್ಯಗಳಿಗೆ ಶೇ. 40 ಕನಿಷ್ಠ ಮಿತಿಯಾಗಿರುತ್ತದೆ.

ಶಸ್ತ್ರಚಿಕಿತ್ಸೆಗೆ ಮುಂಚಿನ ಎಂ.ಆರ್.ಐ. ಮತ್ತು ಸಿ.ಟಿ. ಚಿತ್ರಗಳು, ಬಿಡುಗಡೆ ಪತ್ರ, ಹಾಗೂ ಅಳವಡಿಸಿದ ಮೊಳೆ–ಸರಳುಗಳ ತಯಾರಕರು, ಲೋಹ ಮತ್ತು ಕ್ರಮಸಂಖ್ಯೆಯನ್ನು ನಮೂದಿಸಿದ ಚೀಟಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಡತಕ್ಕದ್ದು. ಮುಂದೆ ಎಂದಾದರೂ ಎಂ.ಆರ್.ಐ. ಮಾಡಿಸಬೇಕಾದಾಗ ಮೊದಲು ಕೇಳುವುದು ಈ ವಿವರವನ್ನೇ. ಬೇರಾವುದೇ ಕಾಯಿಲೆಗೆ ಅರಿವಳಿಕೆ ಪಡೆಯುವ ಸಂದರ್ಭ ಬಂದರೂ ಕತ್ತು ಬೆಸುಗೆಯಾಗಿದೆ ಎಂಬುದನ್ನು ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ ತಿಳಿಸಬೇಕು. ತಲೆಯನ್ನು ಹಿಂದಕ್ಕೆ ಬಾಗಿಸಿ ಉಸಿರಾಟದ ನಳಿಕೆ ಹಾಕುವ ಸಾಮಾನ್ಯ ಕ್ರಮ ಇವರಿಗೆ ಅನ್ವಯಿಸುವುದಿಲ್ಲ.